ನೀಲಿ ಡಬ್ಬಿಯನ್ನು ಕೊಂಡವರಿಗೆ

ಮೇಲ್ಮೆಟ್ಟಿಲು, ಸಂಡೂರಿನ ಗುಡ್ಡ
ಎರಡನೆಯ ಶ್ರಾವಣದ ಮೂವತ್ತೈದನೆಯ ದಿನ, ಗುಂಡಿ ತುಂಬಿದ ತೊಂಬತ್ತೊಂದನೆಯ ವರ್ಷ

ಹೆಸರು ಗೊತ್ತಿಲ್ಲದ ಹಿರಿಯರೆ,

ಮೇಲಿನ ದಿನಾಂಕ ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಕಾಲದಲ್ಲಿ ಶ್ರಾವಣ ಒಂದು ತಿಂಗಳಿಗೆ ಮುಗಿಯುತ್ತಿತ್ತಂತೆ. ನಮ್ಮಲ್ಲಿ ಮಳೆ ನಿಲ್ಲುವವರೆಗೂ ಅದು ಶ್ರಾವಣವೇ, ಮಳೆ ನಿಂತು ಮತ್ತೆ ಹಿಡಿದರೆ ಎರಡನೆಯ ಶ್ರಾವಣ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಎಂಬತ್ತರ ಆಸುಪಾಸು ಎಂದು ನನ್ನ ಗುರು ಹೊನ್ನೂರಜ್ಜ ಹೇಳುತ್ತಾನೆ. ನನ್ನ ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಿಮ್ಮ ಬರಹದ ಕನ್ನಡವನ್ನು ನಾನು ಕಲಿತದ್ದು ತುಕ್ಕು ಹಿಡಿದ ಫಲಕಗಳಿಂದ ಮತ್ತು ಲಾರಿಗಳ ಹಿಂಭಾಗದಿಂದ. ಹಾಗಾಗಿ ನನ್ನ ವಿನಯವೂ ಫಲಕದ ವಿನಯದಂತೆ ಸ್ವಲ್ಪ ಗಡುಸಾಗಿರುತ್ತದೆ. ಈ ಕಾಗದ ನಿಮ್ಮ ಕೈಗೆ ಹೇಗೆ ಸೇರುತ್ತದೆ ಎಂದು ಮಾತ್ರ ಕೇಳಬೇಡಿ. ನನಗೂ ಗೊತ್ತಿಲ್ಲ, ಆದರೂ ಬರೆಯದೆ ಇರಲಾರೆ.

ನನ್ನ ಹೆಸರು ಹುಲಿಗೆಮ್ಮ. ನಾವಿರುವುದು ನೀವು ಅದಿರು ತೆಗೆದ ಗುಡ್ಡದಲ್ಲಿ. ನೀವು ಗುಡ್ಡವನ್ನು ಮೇಲಿನಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದಿರಲ್ಲ, ಆ ಒಂದೊಂದು ಮೆಟ್ಟಿಲೂ ಈಗ ಒಂದೊಂದು ಊರು. ಮನೆ, ನವಣೆಯ ಹೊಲ, ಕುರಿ ದೊಡ್ಡಿ ಎಲ್ಲವೂ ಅದರ ಮೇಲೆಯೇ. ಅದಿರಿನ ಧೂಳಿಗೆ ನಮ್ಮ ಅಂಗಾಲು ಹುಟ್ಟಿದಾಗಿನಿಂದ ಸಾಯುವವರೆಗೆ ಕೆಂಪು. ಬಿಳಿ ಬಟ್ಟೆ ಎಂಬುದನ್ನು ನಾವು ಹೆಣಕ್ಕೆ ಮಾತ್ರ ಹೊದಿಸುತ್ತೇವೆ, ಅದೂ ಒಂದೇ ದಿನ ಬಿಳಿಯಾಗಿರುತ್ತದೆ. ಕೆಳಗೆ, ನೀವು ಅಗೆದು ಬಿಟ್ಟ ಗುಂಡಿಯ ತಳದಲ್ಲಿ ಮಳೆಯ ನೀರು ನಿಂತು ಕೆರೆಯಾಗಿದೆ, ಅದಕ್ಕೆ ಗುಂಡಿಕೆರೆ ಎನ್ನುತ್ತೇವೆ. ಆ ನೀರು ಬಿಟ್ಟರೆ ನಮಗೆ ಬೇರೆ ನೀರಿಲ್ಲ. ಕೆಳಗೇ ಹೋಗಿ ಇರಬಾರದೇ ಎಂದು ನೀವು ಕೇಳಬಹುದು. ಇದ್ದು ನೋಡಿದ್ದೇವೆ. ಗೋಡೆ ಕುಸಿಯುತ್ತದೆ, ಸೊಳ್ಳೆಯ ಜ್ವರ ಮಕ್ಕಳನ್ನು ಒಯ್ಯುತ್ತದೆ. ಪಂಪುಗಳು ಆ ಕೆಂಪು ಕೆಸರಿಗೆ ಸೋತು ಬಹಳ ಕಾಲವಾಯಿತು. ನನ್ನ ಅಜ್ಜಿಯ ಕಾಲದಲ್ಲಿ ಹೆಂಗಸರು ಕೊಡ ಹೊತ್ತು ಏರುತ್ತಿದ್ದರು. ಬಸುರಿಯರು ದಾರಿಯಲ್ಲೇ ಹೆತ್ತದ್ದುಂಟು, ಹೆರಲಾರದೆ ಹೋದದ್ದೂ ಉಂಟು.

ಈಗ ನೀರುಲಾರಿ ಇದೆ. ನಿಮ್ಮ ಕಾಲದ ಅದಿರು ಲಾರಿಯ ಮೇಲೆ ನೀರಿನ ತೊಟ್ಟಿ ಕೂರಿಸಿ, ಹೊಂಗೆ ಎಣ್ಣೆಯಲ್ಲಿ ಓಡಿಸುತ್ತೇವೆ. ಬೇಸಿಗೆಯಲ್ಲಿ ಮನೆಗೊಬ್ಬರು ಹೊಂಗೆ ಬೀಜ ಆಯಲು ಹೋಗಲೇಬೇಕು. ಮದುಮಗಳಿಗೂ ವಿನಾಯಿತಿ ಇಲ್ಲ. ಲಾರಿಯ ಹಾರನ್ ಕೇಳಿದ ಮೇಲೆಯೇ ನಮ್ಮಲ್ಲಿ ಒಲೆ ಹೊತ್ತುವುದು. ಲಗ್ನದ ಮುಹೂರ್ತವನ್ನೂ ಲಾರಿ ಬರುವ ಹೊತ್ತು ನೋಡಿಯೇ ಇಡುತ್ತಾರೆ, ಪಂಚಾಂಗದವನು ಆಮೇಲೆ ಅದಕ್ಕೊಂದು ನಕ್ಷತ್ರ ಹೊಂದಿಸುತ್ತಾನೆ. ನಮ್ಮಲ್ಲಿ ಅಂಥ ಲಾರಿ ಎರಡಿದ್ದವು. ಒಂದನ್ನು ನನ್ನ ಅಣ್ಣ ಎರ್ರಿಸ್ವಾಮಿ ಓಡಿಸುತ್ತಿದ್ದ, ಇನ್ನೊಂದನ್ನು ಅವನ ಹೆಂಡತಿ ಮಾರೆಕ್ಕ. ಎರಡರ ಎಂಜಿನ್ನನ್ನೂ ನೋಡಿಕೊಳ್ಳುವುದು ಹೊನ್ನೂರಜ್ಜನ ಕೆಲಸ, ಅವನ ಕೈಕೆಳಗೆ ನನ್ನದು.

ಎಂಜಿನ್ನಿನ ವಿಷಯ ನಿಮಗೆ ನಾನು ಹೇಳಿಕೊಡುವುದು ಮೀನಿಗೆ ಈಜು ಕಲಿಸಿದಂತೆ. ಆದರೂ ನಿಮ್ಮ ಡಬ್ಬಿಯನ್ನು ನೋಡಿದ ಮೇಲೆ ನನಗೆ ಆ ಧೈರ್ಯ ಬಂದಿದೆ. ಎಂಜಿನ್ನಿನ ಮುಂದೆ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುವ ಚಕ್ರವಿದೆಯಲ್ಲ, ನೀವು ಟರ್ಬೊ ಎನ್ನುತ್ತಿದ್ದಿರಿ, ನಾವು ಬುಗುರಿ ಎನ್ನುತ್ತೇವೆ. ಬುಗುರಿ ಇದ್ದರೆ ತುಂಬಿದ ತೊಟ್ಟಿ ಏರು ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಆದರೆ ಬಲ ಹೆಚ್ಚಾದಷ್ಟೂ ಉರಿದ ಗಾಳಿ ಪಿಸ್ಟನ್ನಿನ ಸಂದಿಯಿಂದ ಕೆಳಗೆ ನುಸುಳುತ್ತದೆ. ಅಲ್ಲಿಂದ ಎಣ್ಣೆಯ ಮಂಜನ್ನು ಹೊತ್ತುಕೊಂಡು ಉಸಿರುಕೊಳವೆಯ ಮೂಲಕ ಹೊರಬಂದು, ಮತ್ತೆ ಬುಗುರಿಯ ಬಾಯಿಗೇ ಹೋಗುತ್ತದೆ. ಎಂಜಿನ್ ಹಳೆಯದಾದಂತೆ ಮಂಜು ಹೆಚ್ಚು. ಅದು ಬುಗುರಿಯನ್ನು ದಾಟಿ ಗಾಳಿ ತಣಿಸುವ ಜಾಲರಿಯ ತಳದಲ್ಲಿ ಎಣ್ಣೆಯಾಗಿ ನಿಲ್ಲುತ್ತದೆ. ಇದನ್ನು ತಡೆಯಲು ಆ ಕೊಳವೆಯ ನಡುವೆ ಒಂದು ಡಬ್ಬಿ ಇಡಬೇಕು, ಎಣ್ಣೆ ಅದರಲ್ಲಿ ಇಳಿದು ಗಾಳಿ ಮಾತ್ರ ಮುಂದೆ ಹೋಗಬೇಕು. ನಮ್ಮಲ್ಲಿ ಅದರ ಹೆಸರು ಎಣ್ಣೆಡಬ್ಬಿ. ನಿಮ್ಮ ಡಬ್ಬಿಯ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಅಜ್ಜ ಕೂಡಿಸಿ ಓದಿ, ನೀವು ಅದನ್ನು ಆಯಿಲ್ ಕ್ಯಾಚ್ ಕ್ಯಾನ್ ಎನ್ನುತ್ತಿದ್ದಿರಿ ಎಂದು ಹೇಳಿದ.

ನಿಮ್ಮ ಡಬ್ಬಿ ಸಿಕ್ಕಿದ್ದು ಬಿದ್ದ ಶೆಡ್ಡಿನ ಅಡಿಯಲ್ಲಿದ್ದ ಒಂದು ಪಿಕಪ್ಪಿನಲ್ಲಿ. ಅದು ನಿಮ್ಮದೇ ಇರಬೇಕು. ಗಾಡಿಯೆಲ್ಲ ತುಕ್ಕು ಹಿಡಿದಿತ್ತು, ಡಬ್ಬಿ ಮಾತ್ರ ನವಿಲಿನ ಕತ್ತಿನ ನೀಲಿಯಲ್ಲಿ ಮಿಂಚುತ್ತಿತ್ತು. ಸುತ್ತ ಸಣ್ಣ ಸಣ್ಣ ರೆಕ್ಕೆ, ಮೇಲೆ ಎರಡು ಬಾಯಿ, ಕೆಳಗೆ ಒಂದು ತಿರುಪು. ಹೊನ್ನೂರಜ್ಜ ಅದನ್ನು ಎದೆಗೆ ಅವುಚಿಕೊಂಡು ಗುಡ್ಡ ಏರಿದ್ದು ನನಗೆ ನೆನಪಿದೆ. ನಮ್ಮಲ್ಲಿ ನಿಮ್ಮ ಕಾಲದ ವಸ್ತುವಿಗೆ ಹಿರೀಕ ಎಂದು ಹೆಸರು. ಹಿರೀಕ ಸಿಕ್ಕರೆ ಮೊದಲು ಅರಿಶಿನ ಹಚ್ಚುತ್ತೇವೆ, ಆಮೇಲೆ ಉಪಯೋಗಿಸುತ್ತೇವೆ. ಹಿರೀಕರು ಮುಚ್ಚಿದ್ದನ್ನು ಬಿಚ್ಚಬಾರದು ಎಂಬ ನೇಮವೂ ಇದೆ. ಅದು ಮೂಢನಂಬಿಕೆಯಲ್ಲ. ಹಿಂದೆ ಕೆಳಮೆಟ್ಟಿಲಿನವರು ನಿಮ್ಮ ಕಾಲದ ಯಾವುದೋ ಸಿಲಿಂಡರ್ ಬಿಚ್ಚಿದ್ದಕ್ಕೆ ಒಂದು ಓಣಿಯೇ ಹೋಯಿತು. ಅಂದಿನಿಂದ ನೀವು ಬಿಗಿದದ್ದು ಬಿಗಿದಂತೆಯೇ ಇರುತ್ತದೆ.

ಅಜ್ಜ ನೀಲಿ ಡಬ್ಬಿಯನ್ನು ಅಣ್ಣನ ಲಾರಿಗೆ ಕೂರಿಸಿದ. ನಮ್ಮಲ್ಲಿ ಎಂಜಿನ್ನಿಗೆ ಕೈ ಹಾಕಿದವರು ಮೊದಲ ಏರಿಕೆಯಲ್ಲಿ ಡ್ರೈವರನ ಪಕ್ಕ ಕೂರಲೇಬೇಕು. ಕೈ ತಪ್ಪಿದ್ದರೆ ತಾವೂ ಸಾಯಲಿ ಎಂಬುದು ಅದರ ಅರ್ಥ, ಯಾರೂ ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ. ಅಜ್ಜ ಕೂತ, ಲಾರಿ ಏರಿತು, ಊರು ಕೈ ಮುಗಿಯಿತು. ಆಮೇಲೆ, ಎಣ್ಣೆ ಇಳಿಸಲೆಂದೇ ನೀವು ಇಟ್ಟಿದ್ದ ಕೆಳಗಿನ ತಿರುಪನ್ನು ಬಿಚ್ಚಿ ನೋಡಿದಾಗಲೆಲ್ಲ ಎಣ್ಣೆ ಬರುತ್ತಿದ್ದದ್ದು ಬೆರಳಿಗೆ ಹತ್ತುವಷ್ಟು ಮಾತ್ರ. ನನಗೆ ಅದು ಸರಿ ಕಾಣಲಿಲ್ಲ, ಕೇಳಿದೆ. ಅಜ್ಜ ಹೆಮ್ಮೆಯಿಂದ, "ಡಬ್ಬಿ ಒಣಗೇತಿ ಅಂದ್ರ ಎಂಜಿನ್ನು ಗಟ್ಟಿ ಐತಿ ಅಂತ ತಿಳಕೋಬೇಕವಾ. ಹಿರೀಕರ ಕೈ ಅದು, ಸುಳ್ಳು ಹೇಳಂಗಿಲ್ಲ," ಎಂದ. ಅಣ್ಣನಂತೂ ಮಾರೆಕ್ಕನನ್ನು ಕಾಡುತ್ತಿದ್ದ, "ನಿನ್ನ ಲಾರಿ ಎಣ್ಣಿ ಕಾರತೈತಿ, ನಂದು ನೋಡು ಮದುಮಗ ಇದ್ದಂಗೈತಿ." ಒಣಗಿದ ಡಬ್ಬಿಯನ್ನು ಆರೋಗ್ಯವೆಂದು ತಿಳಿಯುವ ತಪ್ಪನ್ನು ನಿಮ್ಮ ಕಾಲದವರು ಯಾರೂ ಮಾಡಿರಲಾರರು. ನಾವು ಮಾಡಿದೆವು, ಏಕೆಂದರೆ ನಾವು ನಿಮ್ಮನ್ನು ನಂಬಿದ್ದೆವು.

ಹೋದ ಸುಗ್ಗಿಯ ಒಂದು ಬೆಳಿಗ್ಗೆ ಅಣ್ಣ ತುಂಬಿದ ತೊಟ್ಟಿಯೊಂದಿಗೆ ದೊಡ್ಡ ತಿರುವು ಏರುತ್ತಿದ್ದಾಗ ಎಂಜಿನ್ ತಾನೇ ತಾನಾಗಿ ಕೂಗತೊಡಗಿತು. ಗಾಳಿ ತಣಿಸುವ ಜಾಲರಿಯಲ್ಲಿ ನಿಂತಿದ್ದ ಎಣ್ಣೆಯೆಲ್ಲ ಒಮ್ಮೆಲೆ ಎದ್ದು ಎಂಜಿನ್ನಿನ ಹೊಟ್ಟೆಗೆ ಹೋಗಿತ್ತು. ಆಗ ಕೀಲಿ ತಿರುಗಿಸಿದರೂ ನಿಲ್ಲದು, ಇಂಧನ ಕಡಿದರೂ ನಿಲ್ಲದು. ತನ್ನ ಎಣ್ಣೆಯನ್ನು ತಾನೇ ಕುಡಿದು ಓಡುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುವವರಿದ್ದರು. ಅಣ್ಣ ಲಾರಿಯನ್ನು ಅಂಚಿಗೆ ಬಿಡದೆ ಗುಡ್ಡದ ಗೋಡೆಗೆ ಗುದ್ದಿಸಿದ. ಹಿಂದಿನ ತೊಟ್ಟಿ ಮುಂದಕ್ಕೆ ಬಂತು. ಅವನು ಹೋದ ಮೇಲೂ ಎಂಜಿನ್ ಕಿರುಚುತ್ತಲೇ ಇತ್ತು, ಎಣ್ಣೆ ಮುಗಿದು ಕಚ್ಚಿಕೊಳ್ಳುವವರೆಗೂ ಕಿರುಚಿತು. ನಾವು ಹತ್ತಿರ ಹೋಗಲಾಗದೆ ಕಿವಿ ಮುಚ್ಚಿಕೊಂಡು ನಿಂತಿದ್ದೆವು. ಆ ಸದ್ದು ನಿಂತ ಮೇಲೆ ಮಾರೆಕ್ಕ ಒಬ್ಬಳೇ ನಡೆದು ಹೋಗಿ ಬಾಗಿಲು ಎಳೆದಳು.

ನಿಮ್ಮ ಡಬ್ಬಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇದನ್ನು ಊರಿನ ಹಿರಿಯರು ದೊಡ್ಡ ಪವಾಡವೆಂದು ಬಗೆದರು. ಅದನ್ನು ತೊಳೆದು, ಅರಿಶಿನ ಹಚ್ಚಿ, ಎರ್ರಿಸ್ವಾಮಿಯ ಹೆಸರಿನಲ್ಲಿ ಉಳಿದ ಒಂದು ಲಾರಿಗೆ, ಅಂದರೆ ಮಾರೆಕ್ಕನ ಲಾರಿಗೆ ಕೂರಿಸಬೇಕೆಂದು ಚಾವಡಿಯಲ್ಲಿ ತೀರ್ಮಾನವಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನಮ್ಮವರಿಗೆ ಕೆಟ್ಟ ಮೇಲೂ ಬರಲಿಲ್ಲ. ನಾನು ಚಾವಡಿಯಲ್ಲಿ ಎದ್ದು ನಿಂತು, ಮೊದಲು ಅದನ್ನು ಕೊಯ್ದು ನೋಡಬೇಕು ಎಂದೆ. ಗದ್ದಲವಾಯಿತು. ನೇಮ ಮುರಿಯುವವಳು ಎಂದರು, ಅಣ್ಣನ ಸಾವಿಗೆ ತಲೆ ಕೆಟ್ಟಿದೆ ಎಂದರು. ಆದರೆ ನನ್ನನ್ನು ತಡೆದದ್ದು ಅವರಲ್ಲ. ಹೊನ್ನೂರಜ್ಜ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಆ ಡಬ್ಬಿಯ ಒಳಗೆ ತಪ್ಪು ಸಿಕ್ಕರೆ ಎರ್ರಿಸ್ವಾಮಿಯನ್ನು ಕೊಂದದ್ದು ಅಜ್ಜನ ಕೈ ಎಂದಾಗುತ್ತದೆ. ಅವನೇ ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು, ತಂದೆ ಸತ್ತ ಮೇಲೆ ಅಣ್ಣನಿಗೂ ನನಗೂ ರೊಟ್ಟಿ ಹಾಕಿದವನು. ಕೊಯ್ಯದಿದ್ದರೆ ಮಾರೆಕ್ಕ ಅದನ್ನೇ ಕಟ್ಟಿಕೊಂಡು ಅದೇ ತಿರುವು ಏರುತ್ತಾಳೆ. ನನಗೆ ಎರಡೂ ಬೇಡವಾಗಿತ್ತು, ಮೂರನೆಯದು ಇರಲಿಲ್ಲ.

ಮಾರೆಕ್ಕ ಎದ್ದಳು. ಗಂಡ ಹೋದ ಮೇಲೆ ಅವಳು ಚಾವಡಿಯಲ್ಲಿ ಆಡಿದ ಮೊದಲ ಮಾತು ಅದು. "ನನ್ನ ಗಂಡನ ಹೊಟ್ಟಿ ಕೊಯ್ದು ನೋಡಿದ್ರೂ ಅಂವ ಯಾಕ ಸತ್ತ ಅಂತ ತಿಳೀತಿದ್ದಿಲ್ಲ. ಇದರ ಹೊಟ್ಟೀನರ ಕೊಯ್ದು ನೋಡ್ರಿ. ಇಲ್ಲಾಂದ್ರ ಲಾರಿ ಕೀಲಿ ಇಲ್ಲೈತಿ, ಯಾರು ಓಡಿಸ್ತೀರೋ ಓಡಿಸ್ರಿ." ಕೀಲಿಯನ್ನು ಚಾವಡಿಯ ಕಲ್ಲಿನ ಮೇಲೆ ಇಟ್ಟಳು. ಯಾರೂ ಮುಟ್ಟಲಿಲ್ಲ. ಆಗ ಹೊನ್ನೂರಜ್ಜ ಎದ್ದು ಬಂದು, ಗರಗಸವನ್ನು ನನ್ನ ಕೈಗೆ ಕೊಡದೆ ತಾನೇ ಹಿಡಿದ. "ಕೂರಿಸಿದಾಂವ ನಾನು. ಕೊಯ್ಯಾಂವನೂ ನಾನ," ಎಂದ.

ಒಳಗೆ ಏನೂ ಇರಲಿಲ್ಲ, ಹಿರಿಯರೆ. ತಡೆಯುವ ತಗಡಿಲ್ಲ, ಜಾಲರಿ ಇಲ್ಲ, ಒಂದು ಎಳೆ ನಾರಿಲ್ಲ. ಮೇಲಿನ ಎರಡು ಬಾಯಿಗಳು ಅಕ್ಕಪಕ್ಕ, ಒಂದರಿಂದ ಬಂದ ಮಂಜು ಇನ್ನೊಂದರಿಂದ ಹಾಗೆಯೇ ಹೊರಟುಹೋಗುವಂತೆ. ಅಜ್ಜ ಬೆರಳು ಹಾಕಿ ಒಳಗೋಡೆಯನ್ನು ಸುತ್ತಲೂ ತಡವಿದ. ಮತ್ತೆ ತಡವಿದ. "ಒಳಗ ಏನೂ ಇಲ್ಲಲ್ಲವಾ. ಹಿರೀಕರು ಇಡೋದು ಮರೆತಾರೇನ?" ಎಂದು ನನ್ನ ಮುಖ ನೋಡಿದ. ನಿಮ್ಮ ಪಿಕಪ್ಪಿನಲ್ಲಿ ಇನ್ನೂ ಏನೇನು ಇದ್ದವೆಂದು ನನಗೆ ಆಗ ಹೊಳೆದಿತ್ತು. ಬಾನೆಟ್ಟಿನ ಮೇಲೆ ಗಾಳಿ ಹೀರುವ ಮೂಗು, ಅದರ ಹಿಂದೆ ತೂತೇ ಇರಲಿಲ್ಲ. ಹೊಗೆಕೊಳವೆಗೆ ಒಂದು ಕಾಲಕ್ಕೆ ಹೊಳೆದಿರಬಹುದಾದ ಎರಡು ಬಾಯಿ, ಒಂದಕ್ಕೆ ಕೊಳವೆಯೇ ಸೇರಿರಲಿಲ್ಲ. ಮೇಲೆ ಥಳುಕು, ಒಳಗೆ ಹುಳುಕು. ನೀವು ಏನನ್ನೂ ಮರೆತಿರಲಿಲ್ಲ. ಚೆಂದ ಕಾಣಲೆಂದು ಕೊಂಡಿದ್ದಿರಿ, ಅಷ್ಟೆ. ನಿಮ್ಮ ಹೊಸ ಗಾಡಿಗೆ ಅದರಿಂದ ನಷ್ಟವೂ ಆಗಿರಲಾರದು. ಬಾನೆಟ್ ಎತ್ತಿದಾಗ ಗೆಳೆಯರು ನೋಡಿ ಭಲೇ ಎಂದಿರಬೇಕು.

ಆ ಹೊತ್ತು ನಾನು ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಎಲ್ಲವನ್ನೂ ಇಲ್ಲಿ ಬರೆಯಲಾರೆ, ನಿಮ್ಮ ಕಾಲದ ಹೆಂಗಸರು ಅಂಥ ಮಾತನ್ನು ಕಾಗದದಲ್ಲಿ ಬರೆಯುತ್ತಿದ್ದರೋ ಇಲ್ಲವೋ.

ಮಾರೆಕ್ಕನ ಲಾರಿಗೆ ಹೊಸ ಡಬ್ಬಿಯನ್ನು ಆಯುವಾಗ ನಾವು ಒಂದನ್ನೇ ಮೊದಲು ಕೇಳಿದೆವು. ಇದನ್ನು ಬಿಚ್ಚಿ ಒಳಗೆ ನೋಡಬಹುದೇ? ಹಾಲಿನ ಕ್ಯಾನು ದೊಡ್ಡದಿತ್ತು, ಆದರೆ ಏರಿನ ಕುಲುಕಾಟಕ್ಕೆ ಮುಚ್ಚಳ ನಿಲ್ಲುತ್ತಿರಲಿಲ್ಲ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಗಟ್ಟಿ, ಬಾಯಿ ಕಿರಿದು, ಕೈ ಒಳಗೆ ಹೋಗದು. ಕೊನೆಗೆ ಮಾರೆಕ್ಕನೇ ತನ್ನ ಮನೆಯ ದೊಡ್ಡ ಪ್ರೆಶರ್ ಕುಕ್ಕರ್ ತಂದಳು. ಅದೂ ಹಿರೀಕವೇ, ಆದರೆ ದಿನಕ್ಕೆರಡು ಸಲ ಬಿಚ್ಚಿ ಮುಚ್ಚಿದ ಹಿರೀಕ. ಅದರ ರಬ್ಬರ್ ಎಣ್ಣೆಗೆ ಊದಿಕೊಂಡಿತು, ಅದನ್ನು ತೆಗೆದು ಹಳೆಯ ಎಂಜಿನ್ನಿನಿಂದ ಉಳಿದಿದ್ದ ಕಾರ್ಕ್ ಹಾಳೆಯನ್ನು ಬಳೆಯಂತೆ ಕತ್ತರಿಸಿ ಕೂರಿಸಿದೆವು. ಮೇಲಿನ ವಿಶಲ್ ಹಾಗೇ ಇರಲಿ, ಒತ್ತಡ ಹೆಚ್ಚಾದರೆ ಕೂಗುತ್ತದೆ ಎಂದು ಊರೆಲ್ಲ ಬುದ್ಧಿ ಹೇಳಿತು. ಅಜ್ಜ ಒಪ್ಪಲಿಲ್ಲ. ಅನ್ನ ಬೇಯಿಸುವ ಭಾರ ಅದು, ಅದು ಏಳುವುದರೊಳಗೆ ಎಂಜಿನ್ನಿನ ಎಣ್ಣೆ ತಡೆಯುವ ಸೀಲುಗಳೆಲ್ಲ ಕಿತ್ತುಹೋಗಿರುತ್ತವೆ ಎಂದು ಹೇಳಿ, ವಿಶಲ್ ತೆಗೆದು ಉಗುರಿನಷ್ಟು ಹಗುರವಾದ ಬಿಲ್ಲೆ ಇಟ್ಟ. ಚಾವಡಿಯ ದಿನದಿಂದ ಅವನು ಅಷ್ಟು ಮಾತಾಡಿದ್ದು ಅಂದೇ.

ಒಳಗೆ ತೂತು ಕೊರೆದ ಎರಡು ತಟ್ಟೆ, ಒಂದರ ತೂತಿಗೆ ಇನ್ನೊಂದರ ತೂತು ಎದುರಾಗದಂತೆ. ನಡುವೆ ಪಾತ್ರೆ ತಿಕ್ಕುವ ಸ್ಟೀಲ್ ನಾರು, ಅದರ ಎಳೆ ಹಾರಿ ಬುಗುರಿಗೆ ಹೋಗದಂತೆ ಸುತ್ತ ಬಿಗಿಯಾದ ಜಾಲರಿ. ಮಂಜು ಒಳಗೆ ಬರುವ ಕೊಳವೆಯನ್ನು ತಟ್ಟೆಗಳ ಕೆಳಗಿನವರೆಗೂ ಇಳಿಸಿದೆವು. ಹೊರಗೆ ಹೋಗುವ ಬಾಯಿ ಮೇಲೆ ಮುಚ್ಚಳದ ಹತ್ತಿರ. ಎರಡನ್ನೂ ಉಸಿರುಕೊಳವೆಯಷ್ಟೇ ದಪ್ಪ ಇಟ್ಟೆವು, ಕಿರಿದು ಮಾಡಿದರೆ ಎಂಜಿನ್ನಿಗೆ ಉಬ್ಬಸ ಹತ್ತುತ್ತದೆ. ಕೂರಿಸುವ ಜಾಗಕ್ಕೆ ಒಂದು ದಿನ ಜಗಳವಾಡಿದೆವು. ಬುಗುರಿಯ ಹತ್ತಿರ ಜಾಗವಿತ್ತು, ಆದರೆ ಅಲ್ಲಿಯ ಕಾವಿಗೆ ಮಂಜು ಎಣ್ಣೆಯಾಗದೆ ಮಂಜಾಗಿಯೇ ಉಳಿಯುತ್ತದೆ. ಆದ್ದರಿಂದ ಮುಂದೆ, ಗಾಳಿ ಬಡಿಯುವ ಕಡೆ, ಉಸಿರುಕೊಳವೆಯ ಬಾಯಿಗಿಂತ ಕೆಳಗೆ, ಲಾರಿಯ ಚಾಸಿ ಚೌಕಟ್ಟಿಗೆ ಪಟ್ಟಿ ಬಿಗಿದು ಕೂರಿಸಿದೆವು. ಕೊಳವೆ ನಡುವೆ ಎಲ್ಲೂ ಜೋಲದೆ ಒಂದೇ ಇಳಿಜಾರಿನಲ್ಲಿ ಬರಬೇಕು, ಜೋತರೆ ಅಲ್ಲೇ ನೀರು ನಿಲ್ಲುತ್ತದೆ. ತಳಕ್ಕೆ ಒಂದು ನಲ್ಲಿ. ಇಷ್ಟಾದ ಮೇಲೂ ನನಗೆ ನಂಬಿಕೆ ಸಾಲದೆ, ಬುಗುರಿಯ ಬಾಯಿಗೆ ಒಂದು ತಗಡಿನ ಬಾಗಿಲು ಇಟ್ಟು ಅದರ ತಂತಿಯನ್ನು ಮಾರೆಕ್ಕನ ಕೈಗೆ ಸಿಗುವಂತೆ ಕಟ್ಟಿದೆ. ಎಂಜಿನ್ನಿಗೆ ಹುಚ್ಚು ಹಿಡಿದಾಗ ಗಾಳಿ ಕಡಿದರೆ ಮಾತ್ರ ನಿಲ್ಲುತ್ತದೆ. ಆ ತಂತಿಯೊಂದು ಅಣ್ಣನಿಗೆ ಇದ್ದಿದ್ದರೆ ಎಂದು ಬಿಗಿಯುವಾಗಲೆಲ್ಲ ಅತ್ತಿದ್ದೇನೆ.

ಮೊದಲ ಏರಿಕೆಗೆ, ಒಬ್ಬರಿಗೇ ಜಾಗವಿದ್ದದ್ದರಿಂದ, ನಾನು ಮಾರೆಕ್ಕನ ಪಕ್ಕ ಕೂತೆ. ದೊಡ್ಡ ತಿರುವಿನಲ್ಲಿ ಅವಳು ಅಣ್ಣ ಬಡಿದ ಗೋಡೆಯನ್ನು ನೋಡಲಿಲ್ಲ, ನಾನು ನೋಡಿದೆ. ಲಾರಿ ಮೇಲೆ ಬಂತು. ಜನ ಕೊಡ ಹಿಡಿದು ಮುಂದೆ ಬಂದರು, ಮಾರೆಕ್ಕ ಕೈಯೆತ್ತಿ ಅವರನ್ನು ನಿಲ್ಲಿಸಿದಳು. ಹೊನ್ನೂರಜ್ಜ ಕುಕ್ಕರಿನ ಕೆಳಗೆ ಬೋಗುಣಿ ಇಟ್ಟು ನಲ್ಲಿ ತಿರುಗಿಸಿದ. ಹುಳಿ ಮಜ್ಜಿಗೆಯಂಥ ಬೂದುಬಣ್ಣದ ಎಣ್ಣೆ, ನೊರೆ ನೊರೆಯಾಗಿ ಬಂತು, ನಿಲ್ಲದೆ ಬಂತು. ಒಂದೇ ಏರಿಕೆಯಲ್ಲಿ ಅಷ್ಟು. ಅಜ್ಜ ಬೋಗುಣಿಯನ್ನು ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತ. "ಇಷ್ಟು ದಿನ ಇದೆಲ್ಲಾ ಎಲ್ಲಿಗೆ ಹೋಗ್ತಿತ್ತು ಅಂತ ನಾ ಒಮ್ಮೀನೂ ಕೇಳಲಿಲ್ಲಲ್ಲೋ ಎರ್ರಿ," ಎಂದು ಊರ ಮುಂದೆ ಬಾಯಿಬಿಟ್ಟು ಅತ್ತ. ಅಷ್ಟು ವಯಸ್ಸಾದವರು ಹಾಗೆ ಅಳುವುದನ್ನು ನಾನು ಅಂದೇ ಕಂಡದ್ದು. ಮಾರೆಕ್ಕ ತೊಟ್ಟಿಯಿಂದ ಒಂದು ತಂಬಿಗೆ ನೀರು ಹಿಡಿದು ಬಂದು ಅವನ ಎದುರು ಕುಕ್ಕರುಗಾಲಿನಲ್ಲಿ ಕೂತಳು. "ಕೈ ತೊಳಕೊ ಅಜ್ಜಾ," ಎಂದಳು. "ನೀರು ಬಂದೈತಿ."

ಆ ಎಣ್ಣೆಯನ್ನು ನಾವು ಮತ್ತೆ ಎಂಜಿನ್ನಿಗೆ ಸುರಿಯುವುದಿಲ್ಲ, ಅದರಲ್ಲಿ ಉರಿದ ಗಾಳಿಯ ನೀರೂ ಲೋಹ ತಿನ್ನುವ ಹುಳಿಯೂ ಸೇರಿರುತ್ತವೆ. ಗೆದ್ದಲು ಹತ್ತದಂತೆ ಬಾಗಿಲ ಚೌಕಟ್ಟಿಗೆ ಬಳಿಯುತ್ತೇವೆ. ಪ್ರತಿ ಏರಿಕೆಯ ನಂತರ ನಲ್ಲಿ ಬಿಚ್ಚಬೇಕು, ಎಣ್ಣೆ ಬಾರದಿದ್ದರೆ ಲಾರಿ ನಿಲ್ಲಿಸಬೇಕು ಎಂಬುದು ಈಗ ಹೊಸ ನೇಮ. ಹಿರೀಕವನ್ನು ಬಿಚ್ಚುವ ವಿಷಯದಲ್ಲಿ ಚಾವಡಿಯಲ್ಲಿ ಇನ್ನೂ ಜಗಳ ಮುಗಿದಿಲ್ಲ.

ಈಗ ನನ್ನ ಕೋರಿಕೆ. ನಿಮ್ಮ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ನೀವು ಕೆಟ್ಟವರಲ್ಲವೆಂದು ಬಲ್ಲೆ. ಚೆಂದದ ವಸ್ತುವನ್ನು ಕೊಂಡಿರಿ, ಗಾಡಿಯನ್ನು ಪ್ರೀತಿಸಿದಿರಿ. ನಿಮ್ಮ ನಂತರ ಅದನ್ನು ಯಾರು ಎದೆಗೆ ಅವುಚಿಕೊಂಡು ಗುಡ್ಡ ಏರುತ್ತಾರೆಂದು ನಿಮಗೆ ಹೇಗೆ ಗೊತ್ತಾಗಬೇಕು? ನೀವು ಆಟಕ್ಕೆ ಇಟ್ಟದ್ದನ್ನೂ ನಾವು ನೇಮವೆಂದು ನಂಬುತ್ತೇವೆ, ಅದು ನಮ್ಮ ಹಣೆಬರಹ. ಆದ್ದರಿಂದ ಈ ಕಾಗದ ಓದಿದ ಕೂಡಲೇ ಎದ್ದು ಹೋಗಿ ಬಾನೆಟ್ ಎತ್ತಿ. ನೀಲಿ ಡಬ್ಬಿಯನ್ನು ಬಿಚ್ಚಿ, ಬಿಚ್ಚಲು ಬಾರದಿದ್ದರೆ ಕೊಯ್ಯಿರಿ. ಒಳಗೆ ತೂತಿನ ತಟ್ಟೆಯನ್ನೋ ಜಾಲರಿ ಸುತ್ತಿದ ಸ್ಟೀಲ್ ನಾರನ್ನೋ ಇಡಿ. ಅದೂ ಆಗದಿದ್ದರೆ ಅದನ್ನು ಕಿತ್ತು ಯಾರಿಗೂ ಸಿಗದಂತೆ ಚಚ್ಚಿ ಹಾಕಿ.

ತಡವಾಯಿತು ಎಂದು ಮಾತ್ರ ಹೇಳಬೇಡಿ. ನೀವು ಇದನ್ನು ಓದುತ್ತಿರುವ ಹೊತ್ತಿಗೆ ನನ್ನ ಅಣ್ಣ ಇನ್ನೂ ಹುಟ್ಟಿಲ್ಲ.

ಇಂತಿ,
ಹುಲಿಗೆಮ್ಮ